ಸೂರ್ಯನಿಗೆ ನಾವಿನ್ನೂ ಕಾಣದ ಜೊತೆ ನಕ್ಷತ್ರ ಇರಬಹುದೇ?

ಸೂರ್ಯನಂಥ ನಕ್ಷತ್ರಗಳಲ್ಲಿ ಸುಮಾರು ಅರ್ಧಕ್ಕೆ ಜೊತೆಗಾರರಿದ್ದಾರೆ, ನಮ್ಮ ಸೂರ್ಯನದು ಇನ್ನೂ ಸಿಕ್ಕಿಲ್ಲವಷ್ಟೇ ಅಲ್ಲವೇ ಎಂದು ಕೇಳಿದ್ದೀರಿ. ಅಲ್ಲ. ಬೆಳಗುವ ನಕ್ಷತ್ರವಾಗಿದ್ದರೆ ಇಷ್ಟು ಹೊತ್ತಿಗೆ ಸಿಕ್ಕಿರುತ್ತಿತ್ತು.

ಈ ಊಹೆ ಹುಟ್ಟಿದ್ದು 1984ರಲ್ಲಿ. ಪಳೆಯುಳಿಕೆಗಳ ದಾಖಲೆಯಲ್ಲಿ ಸುಮಾರು 2.6 ಕೋಟಿ ವರ್ಷಕ್ಕೊಮ್ಮೆ ಜೀವಿಗಳ ಸಾಮೂಹಿಕ ಅಳಿವು ಕಾಣುತ್ತದೆ ಎಂದು ಪಳೆಯುಳಿಕೆ ತಜ್ಞರಾದ ರಾಪ್ ಮತ್ತು ಸೆಪ್ಕೋಸ್ಕಿ ಹೇಳಿದ್ದರು. ಅಷ್ಟು ಅವಧಿಯಲ್ಲಿ ಸೂರ್ಯನನ್ನು ಸುತ್ತುವ ಮಂದ ನಕ್ಷತ್ರವೊಂದು ಧೂಮಕೇತುಗಳನ್ನು ಕದಡಿ ನಮ್ಮತ್ತ ಅಟ್ಟುತ್ತದೆ ಎಂಬುದು ವಿವರಣೆ, ಹೆಸರು ನೆಮೆಸಿಸ್. ಸುತ್ತುವ ಅವಧಿಯಿಂದ ದೂರ ತಿಳಿಸುವ ಕೆಪ್ಲರನ ಮೂರನೇ ನಿಯಮಕ್ಕೆ ಈ ಅವಧಿ ಹಾಕಿದರೆ ಸರಾಸರಿ ದೂರ ಸುಮಾರು 88,000 ಖಗೋಳಮಾನ (ಒಂದು ಖಗೋಳಮಾನ ಎಂದರೆ ಭೂಮಿ-ಸೂರ್ಯರ ಸರಾಸರಿ ದೂರ), ಅಂದರೆ 1.4 ಜ್ಯೋತಿರ್ವರ್ಷ.

ಆಗ ಇದು ಹುಚ್ಚು ಮಾತಾಗಿರಲಿಲ್ಲ. ಹತ್ತಿರದ ನಕ್ಷತ್ರಗಳನ್ನು ಹಿಂದೆ ಹೆಚ್ಚಾಗಿ ಹುಡುಕುತ್ತಿದ್ದದ್ದು ಆಕಾಶದಲ್ಲಿ ಅವು ಸರಿಯುವ ವೇಗದಿಂದ. ಬರ್ನಾರ್ಡ್ ನಕ್ಷತ್ರ ವರ್ಷಕ್ಕೆ 10 ಆರ್ಕ್‌ಸೆಕೆಂಡ್ ಸರಿಯುತ್ತದೆ (ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ). ಸೂರ್ಯನ ಜೊತೆಯಲ್ಲೇ ಸಾಗುವ ನಕ್ಷತ್ರಕ್ಕೆ ಕಕ್ಷಾವೇಗ ಸೆಕೆಂಡಿಗೆ ಬರೀ 100 ಮೀಟರ್. ಅದು ವರ್ಷಕ್ಕೆ 0.05 ಆರ್ಕ್‌ಸೆಕೆಂಡ್ ಸರಿದರೆ ಹೆಚ್ಚು. ಅಂಥ ಹುಡುಕಾಟದ ಬಲೆಯಿಂದ ನುಣುಚಿಕೊಳ್ಳಬಹುದಿತ್ತು.

ಪ್ಯಾರಲಾಕ್ಸ್‌ನಿಂದ ಮಾತ್ರ ನುಣುಚಿಕೊಳ್ಳಲಾಗದು. ಭೂಮಿ ಸೂರ್ಯನನ್ನು ಸುತ್ತುವುದರಿಂದ ಹತ್ತಿರದ ನಕ್ಷತ್ರ ಹಿನ್ನೆಲೆಯ ಎದುರು ಅತ್ತಿತ್ತ ತೂಗಿದಂತೆ ಕಾಣಲೇಬೇಕು. ನೆಮೆಸಿಸ್ ಈಗ ಕಕ್ಷೆಯ ದೂರದ ತುದಿಯಲ್ಲಿ, 2.8 ಜ್ಯೋತಿರ್ವರ್ಷದಾಚೆ ಇದೆ ಎಂದುಕೊಂಡರೂ ಆರು ತಿಂಗಳ ಅಂತರದ ಎರಡು ಚಿತ್ರಗಳಲ್ಲಿ 2 ಆರ್ಕ್‌ಸೆಕೆಂಡಿಗಿಂತ ಹೆಚ್ಚು ಪಲ್ಲಟ. ಅದು ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾದಂಥ ಕೆಂಪು ಕುಬ್ಜ (ಸಣ್ಣ, ಮಂದ ನಕ್ಷತ್ರ) ಆಗಿದ್ದರೆ ಕಾಂತಿಮಾನ (ಸಂಖ್ಯೆ ಹೆಚ್ಚಿದಷ್ಟೂ ಮಂದ) ಸುಮಾರು 10. ಬೆಂಗಳೂರಿನ ಟೆರೇಸಿನಿಂದಲೇ ಸಣ್ಣ ದೂರದರ್ಶಕಕ್ಕೆ ಸಿಗುವಷ್ಟು. ಗಾಯಾ ಉಪಗ್ರಹ ಕಾಂತಿಮಾನ 20ರವರೆಗಿನ ನಕ್ಷತ್ರಗಳ ಪ್ಯಾರಲಾಕ್ಸನ್ನೂ ಅಳೆದಿದೆ.

ನಕ್ಷತ್ರದಂತೆ ಬೆಳಗಲಾರದ, ಇನ್ನೂ ಸಣ್ಣದಾದ ಕಂದು ಕುಬ್ಜವಾಗಿದ್ದರೆ? ವೈಸ್ ಉಪಗ್ರಹ 2010ರಲ್ಲಿ ಇಡೀ ಆಕಾಶವನ್ನು ಅವಕೆಂಪಿನಲ್ಲಿ ನೋಡಿತು. ಅದರ ಚಿತ್ರಗಳಲ್ಲೇ 7 ಜ್ಯೋತಿರ್ವರ್ಷ ದೂರದ, ತೀರಾ ತಣ್ಣಗಿನ ಕಾಯವೊಂದು 2014ರಲ್ಲಿ ಪತ್ತೆಯಾಯಿತು. ಅದೇ ವರ್ಷ ಖಗೋಳವಿಜ್ಞಾನಿ ಲೂಮನ್, 26,000 ಖಗೋಳಮಾನದೊಳಗೆ ಗುರುವಿಗಿಂತ ದೊಡ್ಡದು ಯಾವುದೂ ಇಲ್ಲ ಎಂದು ತೋರಿಸಿದರು. ಬೆಳಕೇ ಇಲ್ಲದ ಕಪ್ಪುಕುಳಿಯನ್ನು ಹೀಗೆ ತಳ್ಳಿಹಾಕಲಾಗದು, ನಿಜ. ಆದರೆ ಅದನ್ನು ಹುಟ್ಟಿಸುವ ಸ್ಫೋಟದಲ್ಲಿ ಸೆಕೆಂಡಿಗೆ 100 ಮೀಟರಿನ ಸಡಿಲ ಬಂಧ ಉಳಿಯುವುದು ಬಹಳ ಕಷ್ಟ.

ನೀವೇ ಪರೀಕ್ಷಿಸಿ: ಗಾಯಾದ ಮೂರನೇ ಪಟ್ಟಿ (DR3) ಉಚಿತವಾಗಿ ಸಿಗುತ್ತದೆ. ಪ್ಯಾರಲಾಕ್ಸ್ ಕಾಲಂ ಅನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ. ಮೊದಲು ಪ್ರಾಕ್ಸಿಮಾ, 768 ಮಿಲಿಆರ್ಕ್‌ಸೆಕೆಂಡ್. ನಂತರ ಬರ್ನಾರ್ಡ್, 547. ನೆಮೆಸಿಸ್ ಇದ್ದಿದ್ದರೆ ಪ್ರಾಕ್ಸಿಮಾಗಿಂತ ಮೇಲೆ ಬರುತ್ತಿತ್ತು. ಎರಡನೇ ಪಟ್ಟಿ ಬಳಸಬೇಡಿ, ಒತ್ತಾಗಿರುವ ನಕ್ಷತ್ರಗಳು ಒಂದಕ್ಕೊಂದು ಬೆರೆತು ಹುಸಿ ಪ್ಯಾರಲಾಕ್ಸ್‌ಗಳು ಮೇಲೆ ಬರುತ್ತವೆ. ಪ್ರಾಕ್ಸಿಮಾದ ಸಂಗಾತಿಗಳಾದ ಆಲ್ಫಾ ಸೆಂಟಾರಿಯ ಪ್ರಖರ ಜೋಡಿ ಕಾಣದಿದ್ದರೆ ಗಾಬರಿ ಬೇಡ. ಗಾಯಾದ ಕ್ಯಾಮೆರಾಗೆ ಅವು ತೀರಾ ಪ್ರಖರ.