ವೇಲ್ಸ್‌ನಲ್ಲಿ ‘ಕಮ್ಯುನಿಟಿ’ ಅಂದ್ರೆ ಜಾತಿ-ಜನಾಂಗ ಅಲ್ಲ

‘ವೇಲ್ಸ್‌ನ ಹಳ್ಳಿಗಳ ಹೆಸರಿನ ಜೊತೆ ಕಮ್ಯುನಿಟಿ ಅಂತ ಇರುತ್ತಲ್ಲ, ಅದು ಯಾವುದಾದರೂ ಜನಾಂಗವೇ? ಅಲ್ಲೂ ಗ್ರಾಮ ಪಂಚಾಯಿತಿ ಉಂಟೇ?’ ಅಂತ ಕೇಳಿದ್ದೀರಿ.

ಜನಾಂಗ ಅಲ್ಲ ಸ್ವಾಮಿ, ಬರೀ ಊರಿನ ಎಲ್ಲೆ. ಇಂಗ್ಲೆಂಡಿನವರು ಪ್ಯಾರಿಷ್ ಅನ್ನುವುದನ್ನೇ ವೇಲ್ಸ್‌ನಲ್ಲಿ 1974ರಿಂದ ಕಮ್ಯುನಿಟಿ ಅನ್ನುತ್ತಾರೆ. ಅದಕ್ಕೊಂದು ಕೌನ್ಸಿಲ್ ಇದ್ದರೆ ಅದೇ ಪಂಚಾಯಿತಿ ಅನ್ನಿ. ಆದರೆ ನಮ್ಮ ಪಂಚಾಯಿತಿಯ ಗತ್ತು ಅದಕ್ಕಿಲ್ಲ.

ನಾನಿರುವುದು ಬ್ಯಾಂಗರ್‌ನಲ್ಲಿ. ರಜೆ ಬಂತೆಂದರೆ ಓಡುವುದು ಬೆದ್‌ಗೆಲೆರ್ಟ್‌ಗೆ, ಹಾಗಾಗಿ ಆ ಊರಿನ ಕಥೆಯನ್ನೇ ಹೇಳುತ್ತೇನೆ. 2011ರ ಗಣತಿಯಲ್ಲಿ ಇಡೀ ಕಮ್ಯುನಿಟಿಯಲ್ಲಿ 455 ಜನ; ನಮ್ಮ ಕಡೆ ಒಂದು ಸಾಧಾರಣ ಮದುವೆಗೆ ಇದಕ್ಕಿಂತ ಹೆಚ್ಚು ಎಲೆ ಹಾಕುತ್ತಾರೆ. ಊರು ಇರುವುದು ಕೋಲ್ವಿನ್ ಹೊಳೆ ಗ್ಲಾಸ್ಲಿನ್ ನದಿಗೆ ಸೇರುವ ಕೂಡಲಲ್ಲಿ. ನದಿಯ ಮೇಲ್ಗಡೆ ಎರಡು ಸರೋವರಗಳ ಕಣಿವೆ, ಅದರ ನೆತ್ತಿಗೆ 1,085 ಮೀಟರಿನ ಸ್ನೋಡನ್. ಕೆಳಗಡೆ ಅಬೆರ್‌ಗ್ಲಾಸ್ಲಿನ್ ಅನ್ನುವ ಇಕ್ಕಟ್ಟಾದ ಕಮರಿ. ಹಿಂದೆ ಭರತದ ನೀರು ಆ ಕಮರಿಯ ಸೇತುವೆಯವರೆಗೂ ಬರುತ್ತಿತ್ತಂತೆ! 1811ರಲ್ಲಿ ಪೋರ್ಥ್‌ಮಾಡಾಗ್ ಹತ್ತಿರ ಏರಿ ಕಟ್ಟಿ ಕಡಲನ್ನು ತಡೆದರು. ಈಗ ಅಲ್ಲಿ ಕುರಿ ಮೇಯುತ್ತವೆ.

ಇನ್ನು ಅಧಿಕಾರ. ರಸ್ತೆ, ಶಾಲೆ, ಕಸ, ತೆರಿಗೆ ಎಲ್ಲಾ ಗ್ವಿನೆದ್ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಕೌನ್ಸಿಲ್‌ನದು, ಕಚೇರಿ ಕೈರ್ನಾರ್ವನ್‌ನಲ್ಲಿ. ಮನೆ ಕಟ್ಟಬೇಕೆಂದರೆ ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಊರು 1951ರಲ್ಲಿ ಆದ ರಾಷ್ಟ್ರೀಯ ಉದ್ಯಾನದೊಳಗಿದೆ, ಪರವಾನಗಿ ಕೊಡುವುದು ಉದ್ಯಾನದ ಪ್ರಾಧಿಕಾರ. ಅದರ 18 ಸದಸ್ಯರಲ್ಲಿ 9 ಜನ ಗ್ವಿನೆದ್‌ನವರು, 3 ಜನ ಪಕ್ಕದ ಕಾನ್ವಿ ಕೌಂಟಿಯವರು, ಉಳಿದ 6 ಜನ ವೇಲ್ಸ್ ಸರ್ಕಾರ ನೇಮಿಸಿದವರು. ನದಿ ಉಕ್ಕಿದರೆ ಕೇಳಬೇಕಾದವರು ಮತ್ತೆ ಬೇರೆ. ಕಮ್ಯುನಿಟಿ ಕೌನ್ಸಿಲ್‌ಗಳ ಪಾಲಿಗೆ ಸಾಮಾನ್ಯವಾಗಿ ಉಳಿಯುವುದು ಬೆಂಚು, ಆಟದ ಮೈದಾನ, ಕಾಲುದಾರಿ, ನೋಟಿಸ್ ಬೋರ್ಡು. ಅದರ ಖರ್ಚಿಗೆ ‘ಪ್ರಿಸೆಪ್ಟ್’ ಅಂತ ಒಂದಿಷ್ಟು ದುಡ್ಡು ಕೌಂಟಿಯ ತೆರಿಗೆ ಬಿಲ್ಲಿನಲ್ಲೇ ಸೇರಿ ಬರುತ್ತದೆ. ಮನೆ ಕಟ್ಟುವ ಅರ್ಜಿ ಬಂದಾಗ ಇವರ ಅಭಿಪ್ರಾಯ ಕೇಳುತ್ತಾರೆ. ಅದರಂತೆ ನಡೆಯಲೇಬೇಕು ಅಂತೇನಿಲ್ಲ.

ಚುನಾವಣೆ ಐದು ವರ್ಷಕ್ಕೊಮ್ಮೆ, 16 ತುಂಬಿದವರಿಗೂ ಮತ ಇದೆ. ಆದರೆ ಸೀಟಿಗಿಂತ ಅಭ್ಯರ್ಥಿಗಳು ಕಡಿಮೆಯಾದರೆ ಮತದಾನವೇ ಇಲ್ಲ. ನಿಂತವರೆಲ್ಲ ಗೆದ್ದ ಹಾಗೆ, ಖಾಲಿ ಉಳಿದ ಜಾಗಕ್ಕೆ ಒಪ್ಪಿದವರನ್ನು ಸೇರಿಸಿಕೊಳ್ಳುತ್ತಾರೆ. ಬಾಡೂಟ ಹಾಕಿಸಿ ಗೆಲ್ಲುವವರಿಗೆ ಇದು ಅರ್ಥವಾಗಲಿಕ್ಕಿಲ್ಲ.

ಈ ಕಡೆಯ ಹಳ್ಳಿಗಳ ನಿಜವಾದ ತಲೆನೋವು ರಜಾ ಮನೆಗಳು. ಹೊರಗಿನವರು ಕೊಂಡು ಬೀಗ ಹಾಕಿ ಹೋಗುತ್ತಾರೆ, ಊರಿನ ಹುಡುಗರಿಗೆ ಬೆಲೆ ಎಟುಕುವುದಿಲ್ಲ. ಅದಕ್ಕೇ ಗ್ವಿನೆದ್‌ನವರು 2023ರ ಏಪ್ರಿಲ್‌ನಿಂದ ಎರಡನೇ ಮನೆಗೆ 150% ಹೆಚ್ಚುವರಿ ಹಾಕಿದರು. ಅಂದರೆ ತೆರಿಗೆ ಎರಡೂವರೆ ಪಟ್ಟು. ಈ ತೀರ್ಮಾನವೂ ಕೌಂಟಿಯದೇ, ಊರಿನದಲ್ಲ.

ಬೆದ್ ಅಂದರೆ ವೆಲ್ಷ್‌ನಲ್ಲಿ ಸಮಾಧಿ. ಗೆಲೆರ್ಟ್ ಅನ್ನುವ ನಾಯಿಯ ಸಮಾಧಿ ಅಲ್ಲಿದೆ. ಅದೂ ಕೌನ್ಸಿಲ್‌ನದಲ್ಲ, ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯದು! ಮಗುವನ್ನು ತೋಳದಿಂದ ಕಾಪಾಡಿದ ನಾಯಿಯನ್ನು, ಬಾಯಲ್ಲಿ ರಕ್ತ ಕಂಡು ರಾಜ ಕೊಂದನಂತೆ. 18ನೇ ಶತಮಾನದ ಕೊನೆಯಲ್ಲಿ ಹೋಟೆಲಿನವನೊಬ್ಬ ಪ್ರವಾಸಿಗರನ್ನು ಸೆಳೆಯಲು ಮಾಡಿದ ಸಮಾಧಿ ಅದು ಅನ್ನುತ್ತಾರೆ. ನಮ್ಮಪ್ಪ ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕಲ್ಲಿನ ಮೇಲಿನ ಬರಹವನ್ನು ಕನ್ನಡಕ ಏರಿಸಿಕೊಂಡು ಓದಿ ಮುಗಿಸಿ, ‘ಇದು ನಮ್ಮ ಮುಂಗುಸಿ ಕಥೆ ಅಲ್ವೇನೋ? ಹಾವು ತೆಗೆದು ತೋಳ ಹಾಕಿದಾರೆ ಅಷ್ಟೇ’ ಅಂದರು.