ಕರಾಟೆ ಕಲಿತರೆ ಮಗಳು ಜಗಳಗಂಟಿ ಆಗುತ್ತಾಳಾ?

ನಮಸ್ಕಾರ. ಒಂಬತ್ತು ವರ್ಷದ ಮಗಳನ್ನು ಕರಾಟೆಗೆ ಸೇರಿಸಿದರೆ ಹೊಡೆದಾಟದ ಬುದ್ಧಿ ಬರುತ್ತದೆ ಅಂತ ನಿಮ್ಮ ಅತ್ತೆ ಹೆದರುತ್ತಿದ್ದಾರೆ ಎಂದು ಬರೆದಿದ್ದೀರಿ. ಧೈರ್ಯವಾಗಿ ಸೇರಿಸಿ.

ಒಳ್ಳೆ ತರಗತಿಯಲ್ಲಿ ಶುರುವಿಗೆ ಎದುರಾಳಿಯೇ ಇರುವುದಿಲ್ಲ. ನಿಲ್ಲುವ ರೀತಿ, ತಡೆಯುವುದು, ಪಂಚ್, ಕಿಕ್. ಆಮೇಲೆ ಕಟಾ, ಗೊತ್ತಾದ ಕ್ರಮದ ಚಲನೆಗಳನ್ನು ಒಬ್ಬರೇ ಮಾಡುವ ಅಭ್ಯಾಸ. ಜೋಡಿಯಾಗಿ ಮಾಡುವಾಗ ಕೈ ಮುಖದ ಹತ್ತಿರ ಹೋಗಿ ನಿಲ್ಲಬೇಕು. ಹೊಡೆಯುವುದಕ್ಕಿಂತ ಹಾಗೆ ನಿಲ್ಲಿಸುವುದೇ ಕಷ್ಟ. ಮಕ್ಕಳಿಗೆ ತಮ್ಮ ಮೇಲೆ ಹಿಡಿತ ಬರುವುದು ಅಲ್ಲೇ.

ನನಗೆ ಜಾಸ್ತಿ ಚಿಂತೆಯಾಗಿದ್ದು ನಿಮ್ಮ ಇನ್ನೊಂದು ಮಾತಿನಿಂದ. ಆ ತರಗತಿಯವರು ಒಂದೇ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಕೊಡುತ್ತಾರಂತೆ. ದಯವಿಟ್ಟು ಅಲ್ಲಿಗೆ ಸೇರಿಸಬೇಡಿ. ಬ್ಲ್ಯಾಕ್ ಬೆಲ್ಟ್ ಬಂದರೆ ಕಲಿಕೆ ಮುಗಿಯಿತು ಅನ್ನುವುದೇ ತಪ್ಪು. ಜಪಾನಿನಲ್ಲಿ ಜಿಗೊರೊ ಕಾನೊ ಅವರು ಜೂಡೋಗೆ ಮಾಡಿದ್ದ ಡಾನ್ ಪದ್ಧತಿಯನ್ನು, ಅಂದರೆ ದರ್ಜೆಗಳ ಪದ್ಧತಿಯನ್ನು, ಕರಾಟೆ ಗುರು ಗಿಚಿನ್ ಫುನಾಕೋಶಿ 1924ರಲ್ಲಿ ಕರಾಟೆಗೆ ತಂದರು. ಅದರಲ್ಲಿ ಬ್ಲ್ಯಾಕ್ ಬೆಲ್ಟ್ ಮೊದಲ ಡಾನ್, ಅಷ್ಟೇ. ಬುನಾದಿ ಆಯಿತು, ಇನ್ನು ನಿಜವಾದ ಪಾಠ. ಅಲ್ಲಿಗೆ ತಲುಪಲು ತಪ್ಪದೆ ಹೋದರೂ ಸಾಮಾನ್ಯವಾಗಿ ನಾಲ್ಕೈದು ವರ್ಷ ಬೇಕು.

ಬ್ಲ್ಯಾಕ್ ಬೆಲ್ಟ್ ಇದ್ದವರು ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕಾ ಅಂತಲೂ ಕೇಳಿದ್ದೀರಿ. ಇಲ್ಲ, ನಮ್ಮಲ್ಲಿ ಅಂಥ ಕಾನೂನಿಲ್ಲ. ಒಬ್ಬರೇ ಹತ್ತು ಜನರನ್ನು ಉರುಳಿಸುವುದೂ ಸಿನಿಮಾದಲ್ಲಿ ಮಾತ್ರ. ಚಾಕು ಕಂಡರೆ ಮೊದಲು ಓಡಿಹೋಗು ಎಂದು ಕಲಿಸುವ ಗುರುಗಳನ್ನು ಹುಡುಕಿ.

ಫೀಸು ಕಟ್ಟುವ ಮುಂಚೆ ಒಂದು ತರಗತಿ ಪೂರ್ತಿ ಕೂತು ನೋಡಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ.