ಕೋಡ್ ತಪ್ಪೋ, ಮೋಟರ್ ತಪ್ಪೋ?

ಪ್ರಶ್ನೆ: ಕೊನೆ ವರ್ಷದ ಪ್ರಾಜೆಕ್ಟಿಗೆ ನಾವು ಐದು ಜನ. ಇಬ್ಬರು ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಾನಿಕ್ಸ್, ಇಬ್ಬರು ಕಂಪ್ಯೂಟರ್ ಸೈನ್ಸ್. ಸಾಮಾನು ಹೊತ್ತು ತಾನೇ ಓಡಾಡುವ ಪುಟ್ಟ ಗಾಡಿ ಮಾಡುತ್ತಿದ್ದೇವೆ. ಖಾಲಿ ಇದ್ದಾಗ ಚೆನ್ನಾಗಿ ಓಡುತ್ತದೆ, ಭಾರ ಇಟ್ಟು ಶುರು ಮಾಡಿದರೆ ಕಂಟ್ರೋಲರ್ (ನಮ್ಮ ಕೋಡ್ ಓಡಿಸುವ ಪುಟ್ಟ ಕಂಪ್ಯೂಟರ್) ರೀಸ್ಟಾರ್ಟ್ ಆಗುತ್ತದೆ. ಎಲ್ಲರೂ ಕೋಡ್ ಸರಿಯಿಲ್ಲ ಅಂತಾರೆ. ಬರೆದವಳು ನಾನು, ಹತ್ತು ದಿನ ಹುಡುಕಿದರೂ ತಪ್ಪು ಸಿಕ್ಕಿಲ್ಲ. ಈಗ ಮಾತೇ ನಿಂತಿದೆ. ಏನು ಮಾಡಲಿ?

ಉತ್ತರ: ಕೋಡ್ ಸ್ವಲ್ಪ ಬದಿಗಿಡಿ. ನಿಮ್ಮ ವಿವರಣೆ ನೋಡಿದರೆ ಇದು ವೋಲ್ಟೇಜ್ ಕುಸಿತ ಇರಬೇಕು. ನಿಂತ ಮೋಟರ್ ತಿರುಗಲು ಶುರು ಮಾಡುವಾಗ, ಆಮೇಲೆ ಓಡುತ್ತಾ ಎಳೆಯುವ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ, ಭಾರ ಇದ್ದರೆ ಆ ಎಳೆತ ಇನ್ನೂ ಜಾಸ್ತಿ ಹೊತ್ತು, ಅಷ್ಟರಲ್ಲಿ ಬ್ಯಾಟರಿ ವೋಲ್ಟೇಜ್ ಇಳಿದು ಕಂಟ್ರೋಲರ್ ರೀಸೆಟ್ ಆಗುತ್ತದೆ. ಇದಕ್ಕೆ ಬ್ರೌನ್‌ಔಟ್ ಅಂತಾರೆ. ನೋಡೋಕೆ ಥೇಟ್ ಸಾಫ್ಟ್‌ವೇರ್ ಕ್ರ್ಯಾಶ್ ಥರಾನೇ, ಅದಕ್ಕೇ ಬೈಗುಳ ನಿಮ್ಮ ಪಾಲಿಗೆ!

ಮಜಾ ಏನೆಂದರೆ ಇದನ್ನು ಮೂರು ಕಡೆಯವರೂ ಸರಿ ಮಾಡಬಹುದು. ಗೇರ್ ಅನುಪಾತ ಬದಲಿಸಿ ಮೋಟರ್ ಮೇಲಿನ ಹೊರೆ ಇಳಿಸಬಹುದು. ಕಂಟ್ರೋಲರಿಗೆ ಬೇರೆ ಪವರ್ ಕೊಡಬಹುದು. ಇಲ್ಲವೇ ನೀವು, ವೇಗವನ್ನು ಒಮ್ಮೆಲೇ ಕೊಡದೆ ನಿಧಾನಕ್ಕೆ ಏರಿಸುವ ನಾಲ್ಕು ಸಾಲು ಕೋಡ್ ಬರೆಯಬಹುದು. ದಿನ ಕಡಿಮೆ ಇದ್ದರೆ ಈ ನಾಲ್ಕು ಸಾಲೇ ಸುಲಭ. ತಪ್ಪು ಇರುವ ಕಡೆಯೇ ರಿಪೇರಿ ಆಗಬೇಕು ಅಂತೇನಿಲ್ಲ, "ನನ್ನ ತಪ್ಪಲ್ಲ, ನಾನ್ಯಾಕೆ ಮಾಡಲಿ" ಅನ್ನಬೇಡಿ.

ಆದರೆ ಜಗಳದ ಬೇರು ಬೇರೆ ಇದೆ. ಮೋಟರ್ ಆರಿಸಿದವರ ಕೈಯಲ್ಲಿ ಅದು ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಹೇಳುವ ಡೇಟಾಶೀಟ್ ಇತ್ತು, ಬ್ಯಾಟರಿ ಆರಿಸಿದವನಿಗೆ ಆ ಅಂಕಿ ಯಾರೂ ಹೇಳಿರಲಿಕ್ಕಿಲ್ಲ, ಅಲ್ವಾ? ದೊಡ್ಡವರಿಗೂ ಹೀಗಾಗಿದೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ ಮಂಗಳನ ಹತ್ತಿರ ಹೋಗಿ ಕಳೆದುಹೋಯಿತು. ಒಂದು ತಂಡದ ಸಾಫ್ಟ್‌ವೇರ್ ಲೆಕ್ಕ ಕೊಟ್ಟಿದ್ದು ಪೌಂಡ್‌ನಲ್ಲಿ, ಇನ್ನೊಂದು ತಂಡ ಅದನ್ನು ನ್ಯೂಟನ್ ಅಂದುಕೊಂಡಿತ್ತು. ಅಲ್ಲಿ ದಡ್ಡರು ಯಾರೂ ಇರಲಿಲ್ಲ.

ಒಂದೇ ಹಾಳೆಯಲ್ಲಿ ಬರೆಯಿರಿ: ಯಾರು ಯಾರಿಗೆ ಏನು ಕೊಡಬೇಕು, ಯಾವ ಅಳತೆಯಲ್ಲಿ, ಎಷ್ಟರವರೆಗೆ. ವೋಲ್ಟೇಜ್, ಹೆಚ್ಚೆಂದರೆ ಎಷ್ಟು ಕರೆಂಟ್, ತೂಕ, ಸಿಗ್ನಲ್. ಯಾರಾದರೂ ಬದಲಿಸಿದರೆ ಉಳಿದ ನಾಲ್ವರಿಗೂ ಗೊತ್ತಾಗಬೇಕು.

ಇವತ್ತೇ ನಾಲ್ವರನ್ನೂ ಲ್ಯಾಬಿಗೆ ಕರೆಯಿರಿ. ಕಂಟ್ರೋಲರಿನ ಪವರ್ ಪಿನ್ನಿಗೆ, ವೋಲ್ಟೇಜ್ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಾಕಿ (ಮಲ್ಟಿಮೀಟರ್ ಅಷ್ಟು ಬೇಗ ಹಿಡಿಯಲ್ಲ), ಭಾರ ಇಟ್ಟು ಸ್ಟಾರ್ಟ್ ಒತ್ತಿ. ಗೆರೆ ಕೆಳಗಿಳಿಯದಿದ್ದರೆ ಮತ್ತೆ ಬರೆಯಿರಿ, ಆಗ ಕೋಡ್ ನೋಡೋಣ.